ಹಿಪ್ಪೆ ದೊಡ್ಡತ್ತೆಗೆ ಎಲೆ ಅಡಿಕೆ

ನನ್ನ ಮದುವೆಯಾದ ಮಾರನೆಯ ಬೆಳಿಗ್ಗೆ ನಮ್ಮೂರ ಗುಡ್ಡದ ಮೇಲೆ ಒಂದು ಮರವೂ ಇರಲಿಲ್ಲ. ಕಡಿದವರಿಲ್ಲ, ಸುಟ್ಟವರಿಲ್ಲ. ಮರಗಳು ತಾವಾಗಿಯೇ ಎದ್ದು ಹೋಗಿದ್ದವು. ಮತ್ತಿ, ಹೊನ್ನೆ, ತಾರೆ, ನೇರಳೆ, ಬೀಟೆ ಎಲ್ಲವೂ ಬೇರಿನ ಮಣ್ಣು ಕೊಡವಿಕೊಂಡು, ಮರಿಗಳನ್ನು ಮುಂದೆ ಮಾಡಿಕೊಂಡು ಪಕ್ಕದ ಊರಿನ ದಾರಿ ಹಿಡಿದಿದ್ದವು. ಹೊಸ ಸೊಸೆ ನಾನು, ಬಾಗಿಲಿಗೆ ನೀರು ಹಾಕೋಣವೆಂದು ಚೊಂಬು ಹಿಡಿದು ಹೊರಗೆ ಬಂದವಳು ಆ ಬೋಳು ಗುಡ್ಡ ನೋಡಿ, ಈ ಊರಿನ ಚಂದವೇ ಹೀಗೋ ಏನೋ ಅಂದುಕೊಂಡು ಸುಮ್ಮನೆ ರಂಗೋಲಿ ಇಟ್ಟೆ. ಬೀದಿಯವರು ಒಬ್ಬೊಬ್ಬರಾಗಿ ಎದ್ದು ಬಂದರು. ಮೊದಲು ಗುಡ್ಡ ನೋಡಿದರು, ಆಮೇಲೆ ನನ್ನ ಕಾಲು ನೋಡಿದರು. ನನ್ನ ಹೆಸರು ಸರ್ವಮಂಗಳ ಅಂತ ಯಾರೋ ಹೇಳಿದಾಗ ಒಬ್ಬರಿಗೂ ನಗು ತಡೆಯಲಾಗಲಿಲ್ಲ.

ನಮ್ಮೂರಿನಲ್ಲಿ ಮರವೆಂದರೆ ನೆಂಟರು. ಒಂದೊಂದು ಮನೆಗೂ ಗುಡ್ಡದ ಮೇಲೆ ತನ್ನವು ಅಂತ ಒಂದಷ್ಟು ಮರಗಳು, ಅವಕ್ಕೆ ವರಸೆ, ವರಸೆಗೆ ತಕ್ಕ ಮರ್ಯಾದೆ. ಮನೆಯಲ್ಲಿ ಮದುವೆಯೋ ಮುಂಜಿಯೋ ನಾಮಕರಣವೋ ಗೊತ್ತಾದರೆ ಮನೆಯ ಹಿರಿಯಳು ಗುಡ್ಡ ಹತ್ತಿ, ಒಂದೊಂದು ಮರದ ಬುಡಕ್ಕೂ ಹೋಗಿ, ತೊಗಟೆಯ ಸಂದಿಗೆ ಎಲೆ ಅಡಿಕೆ ಸಿಕ್ಕಿಸಿ, ಬಾಯಿ ತುಂಬ ಕರೆದು ಬರಬೇಕು. ಮರಗಳು ಬರುತ್ತವೆ, ಚಪ್ಪರದ ಸುತ್ತ ನಿಲ್ಲುತ್ತವೆ, ಬುಡಕ್ಕೆ ಬೆಲ್ಲದ ನೀರು ಹುಯ್ಯಿಸಿಕೊಳ್ಳುತ್ತವೆ, ನಾಲ್ಕು ಎಲೆ ಉದುರಿಸಿ ಹರಸುತ್ತವೆ. ಎಲ್ಲ ಮುಗಿದ ಮೇಲೆ, ಯಾರು ಕರೆದಿದ್ದರೋ ಅವರೇ ಮತ್ತೆ ಎಲೆ ಅಡಿಕೆ ಕೊಟ್ಟು ಹೋಗಿ ಬನ್ನಿ ಅನ್ನಬೇಕು. ಅಲ್ಲಿಯವರೆಗೆ ನೆಂಟರು, ಮರವಾಗಲಿ ಮನುಷ್ಯರಾಗಲಿ, ಊರು ಬಿಡುವ ಹಾಗಿಲ್ಲ. ಬೇರೆಯವರು ಕೊಟ್ಟರೆ ನಡೆಯುವುದಿಲ್ಲ. ನಮ್ಮ ಮಾವ ಬದುಕಿದ್ದಾಗ ಒಬ್ಬ ಭಾವನೆಂಟನನ್ನು ಹಬ್ಬಕ್ಕೆ ಕರೆದು, ಊಟ ಮುಗಿದದ್ದೇ ಎತ್ತು ಕೊಳ್ಳಲು ದೂರದ ಸಂತೆಗೆ ಹೋಗಿಬಿಟ್ಟಿದ್ದರಂತೆ. ಅಲ್ಲಿ ಕಾಲು ಮುರಿದುಕೊಂಡು ಅವರು ಹಿಂತಿರುಗುವ ಹೊತ್ತಿಗೆ ಆ ನೆಂಟ ನಮ್ಮ ಪಡಸಾಲೆಯಲ್ಲೇ ಒಂದು ಸುಗ್ಗಿ ಕಳೆದು, ಮೈ ಬಂದು, ಪಂಚಾಯಿತಿ ಚುನಾವಣೆಗೂ ನಿಂತಿದ್ದನಂತೆ.

ನನ್ನ ಮದುವೆಗೆ ಮರಗಳನ್ನು ಕರೆಯಬೇಕಾದವರು ನಮ್ಮತ್ತೆ ಹೊಂಬಾಳಮ್ಮ. ಆ ವರ್ಷ ಅವರಿಗೆ ಮಂಡಿ ನೋವು, ಗುಡ್ಡ ಹತ್ತಲು ಆಗದು. ಬೇರೆಯವರ ಕೈಯಲ್ಲಿ ಎಲೆ ಅಡಿಕೆ ಕಳಿಸೋಣವೆಂದರೆ ಮರಗಳು ಅವಮಾನ ಅಂದುಕೊಳ್ಳುತ್ತವೆ. ಆಗ ತಾನೇ ಊರಿಗೆ ಮೈಕ್ ಕಟ್ಟಿದ ಆಟೊ ಬಂದಿತ್ತು. ಅತ್ತೆ ಅದನ್ನು ಬಾಡಿಗೆಗೆ ಹಿಡಿದು ಗುಡ್ಡ ಸುತ್ತಿಸಿದರು. ಆಟೊದವನು ಗಂಟಲು ಸರಿ ಮಾಡಿಕೊಂಡು, ಸಮಸ್ತ ಮರಗಿಡ ಬಾಂಧವರಲ್ಲಿ ವಿನಂತಿ, ಹೊಂಬಾಳಮ್ಮನವರ ಮಗನ ಮದುವೆಗೆ ತಪ್ಪದೆ ದಯಮಾಡಿಸಬೇಕು ಎಂದು ಕೂಗುತ್ತ, ನಡುನಡುವೆ ಯಾವುದೋ ಹಲ್ಲುಪುಡಿಯ ಗುಣಗಾನವನ್ನೂ ಸೇರಿಸುತ್ತ ಸಂಜೆಯವರೆಗೆ ಸುತ್ತಿದ. ನಮ್ಮ ಮನೆಯ ಮರಗಳಷ್ಟೇ ಮುನಿಸಿಕೊಂಡಿದ್ದರೆ ಹೇಗೋ ಸುಧಾರಿಸಬಹುದಿತ್ತು. ಅವನು ಸಮಸ್ತರನ್ನೂ ಕರೆದುಬಿಟ್ಟಿದ್ದನಲ್ಲ, ನಮಗೆ ಸಂಬಂಧವೇ ಇಲ್ಲದ ಮನೆಗಳ ಮರಗಳಿಗೂ ಮುಖ ಕೆಟ್ಟಿತು. ಹೀಗೆ ಹಲ್ಲುಪುಡಿಯ ಜೊತೆ ಕರೆಸಿಕೊಂಡ ಕಾಡು ಒಟ್ಟಾಗಿ ಊರು ಬಿಟ್ಟಿತು.

ಹೋಗದೆ ಉಳಿದದ್ದು ಒಂದೇ ಒಂದು ಹಿಪ್ಪೆ ಮರ. ಉಳಿದದ್ದು ಅನ್ನುವುದೂ ತಪ್ಪು. ಅದೂ ಎಲ್ಲರ ಜೊತೆ ಹೊರಟೇ ಇತ್ತು, ಆದರೆ ಕೆರೆ ಏರಿಯ ಆಚೆಗೆ, ಎರಡು ಊರಿನ ಗಡಿಯಲ್ಲಿ ನಿಂತುಬಿಟ್ಟಿತು. ವಯಸ್ಸಾಗಿತ್ತು ಅನ್ನುವವರು ಕೆಲವರು. ಕರೆಯದ ಊರಿಗೆ ತಾನಾಗಿ ಹೋಗುವ ಜಾಯಮಾನ ಅದರದ್ದಲ್ಲ ಅನ್ನುವವರು ಕೆಲವರು. ನಮ್ಮೂರಿನ ಕಡೆ ಒಂದು ಕೊಂಬೆಯನ್ನೂ ಚಾಚದೆ, ಬೆನ್ನು ಹಾಕಿ ನಿಂತಿತ್ತು. ಅದು ನಮ್ಮ ಮನೆಯದೇ ಮರ, ನಮ್ಮತ್ತೆಗೆ ಅತ್ತಿಗೆಯ ವರಸೆ, ನನಗೆ ದೊಡ್ಡತ್ತೆ. ನಮ್ಮತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಅದರ ಬುಡದಲ್ಲೇ ಕುಳಿತು ಅತ್ತದ್ದು, ನಕ್ಕದ್ದು, ಹೂ ಆಯ್ದು ತಿಂದದ್ದು ಅಂತ ಬೀದಿಯ ಹೆಂಗಸರು ಹೇಳುತ್ತಿದ್ದರು. ಅತ್ತೆ ಮಾತ್ರ ಆ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದರು. ತಾನು ಕರೆಯಲಿಲ್ಲ ಅನ್ನುವುದನ್ನು ಅವರು ಒಂದು ದಿನವೂ ಒಪ್ಪಲಿಲ್ಲ.

“ಕಾಸು ಕೊಟ್ಟು ಮೈಕ್ ಕಟ್ಟಿಸಿ ಕರೆಸಿದೀನಿ ಕಣೇ. ಕೇಳಿಸ್ಲಿಲ್ಲ ಅಂದ್ರೆ ಅವರು ಕಿವಿ ತೋರಿಸ್ಕೊಳ್ಳಲಿ,” ಅನ್ನುವರು.

ಬೈಗುಳವೆಲ್ಲ ಬಂದು ಬಿದ್ದದ್ದು ನನ್ನ ತಲೆಗೆ. ಗುಡ್ಡದ ಒರತೆ ಬತ್ತಿದ್ದು ನನ್ನ ಕಾಲ್ಗುಣದಿಂದ, ಹೆಂಗಸರು ಮೈಲಿಗಟ್ಟಲೆ ನೀರು ಹೊರುವುದು ನನ್ನ ಕಾಲ್ಗುಣದಿಂದ, ಶಾಲೆಯ ಹೆಂಚು ಕಾದು ಮಕ್ಕಳಿಗೆ ಮೂಗಿನಲ್ಲಿ ರಕ್ತ ಬಂದರೆ ಅದೂ ನನ್ನ ಕಾಲ್ಗುಣದಿಂದಲೇ. ಬೇರೆ ಮನೆಯ ಮದುವೆಗೆ ನನ್ನನ್ನು ಕರೆದರೂ ಚಪ್ಪರದ ಕಂಬದ ಹತ್ತಿರ ಕೂರಿಸುತ್ತಿರಲಿಲ್ಲ, ಕಂಬ ಎದ್ದು ಹೋದರೆ ಅನ್ನುವ ಭಯ. ಗಂಡ ಪರಮೇಶಿ ಒಳ್ಳೆಯವನು, ಅವನು ಬಿಡು ಅನ್ನುತ್ತಿದ್ದ. ಬಿಡು ಅನ್ನುವುದು ಅವನಿಗೆ ಸುಲಭ, ಅವನ ಕಾಲನ್ನು ಯಾರೂ ನೋಡುತ್ತಿರಲಿಲ್ಲ. ನನಗೆ ಸಾಯುವುದರೊಳಗೆ ಆ ಗುಡ್ಡವನ್ನು ಹಸಿರು ಮಾಡಿ, ಆಮೇಲೆ ಊರಿನ ನಟ್ಟನಡುವೆ ಕಾಲು ಚಾಚಿ ಕೂರಬೇಕು ಅನ್ನುವ ಹಟ.

ಆ ಹಟಕ್ಕೆ ಜೊತೆಯಾದವಳು ಜೈಬುನಕ್ಕ. ಬಸ್ ನಿಲ್ದಾಣದಲ್ಲಿ ಟೀ ಅಂಗಡಿ ಇಟ್ಟವಳು, ಅವಳ ಮನೆಯ ಬೀಟೆ ಮರಗಳೂ ಆ ದಿನವೇ ಹೋಗಿದ್ದವು. ಖಾಲಿಯಾದ ಹಾಲಿನ ಪಾಕೀಟುಗಳನ್ನು ತೊಳೆದು ಒಣಗಿಸಿ ಗುಡ್ಡೆ ಹಾಕಿದ್ದಳು. ಅದರಲ್ಲಿ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿ ಸಸಿ ಎಬ್ಬಿಸೋಣ ಅಂದಳು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಸೇರಿಕೊಂಡರು. ಬೀಜ ತರುವುದು ಹೇಗೆ? ಹೋದ ಮರಗಳೆಲ್ಲ ಪಕ್ಕದ ಊರಿನಲ್ಲಿ ಠಾಕುಠೀಕಾಗಿ ನೆಲೆಸಿದ್ದವು. ನಾವು ಹೋದರೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಆದರೆ ದೊಡ್ಡವರ ಮೇಲಿನ ಕೋಪವನ್ನು ಮಕ್ಕಳ ಮೇಲೆ ಯಾವ ನೆಂಟರು ತಾನೇ ತೀರಿಸಿಕೊಳ್ಳುತ್ತಾರೆ? ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕಳಿಸಿದೆವು. ನೇರಳೆ ಹಣ್ಣು ಉದುರಿಸಿತು, ಹೊನ್ನೆ ಕಾಯಿ ಕೊಟ್ಟಿತು, ಅಂಟುವಾಳ ಜೇಬು ತುಂಬಿಸಿ ಕಳಿಸಿತು. ಒಂದು ಮುದಿ ಮತ್ತಿ ಮಾತ್ರ ಜೈಬುನಕ್ಕನ ಮೊಮ್ಮಗಳನ್ನು ತಡೆದು, ಮನೆಯಲ್ಲಿ ಎಲ್ಲರೂ ಆರಾಮವೇ ಅನ್ನುವ ಹಾಗೆ ಬಹಳ ಹೊತ್ತು ಎಲೆ ಅಲ್ಲಾಡಿಸಿತಂತೆ.

ಸಸಿಗಳು ಚೆನ್ನಾಗಿಯೇ ಎದ್ದವು. ಮುಂಗಾರು ಹಿಡಿದದ್ದೇ ಹೆಂಗಸರು ಗುದ್ದಲಿ ಹಿಡಿದು, ಮಕ್ಕಳು ಪಾಕೀಟು ಹೊತ್ತು, ಗುಡ್ಡ ಹತ್ತಿ ನೆಟ್ಟೆವು. ನಾನು ಮೊದಲು ನೆಟ್ಟದ್ದು ಒಂದು ಹೊನ್ನೆ. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಆ ಹೊನ್ನೆ ನಮ್ಮ ಬಚ್ಚಲ ಬಾಗಿಲಲ್ಲಿ ನಿಂತಿತ್ತು. ಊರೆಲ್ಲ ಅದೇ ಕಥೆ. ಯಾರು ಯಾವ ಸಸಿ ನೆಟ್ಟಿದ್ದರೋ ಅದು ಅವರ ಮನೆಗೇ ಇಳಿದು ಬಂದಿತ್ತು. ಪಾಪ, ಅವೂ ಮಕ್ಕಳೇ. ಬಟ್ಟಬಯಲು ಗುಡ್ಡದಲ್ಲಿ ದೊಡ್ಡವರು ಒಬ್ಬರೂ ಇಲ್ಲದೆ ಹೇಗೆ ಇದ್ದಾವು? ಮತ್ತೆ ಹೊತ್ತುಕೊಂಡು ಹೋಗಿ ನೆಟ್ಟೆವು, ಮತ್ತೆ ಬಂದವು. ಕೋಲಿಗೆ ಕಟ್ಟಿದರೆ ಕೋಲಿನ ಸಮೇತ ಬಂದವು. ಒಂದು ಕರೆಂಟು ಕಂಬಕ್ಕೆ ಹಸಿರು ಬಣ್ಣ ಬಳಿದು, ಸೊಪ್ಪು ಕಟ್ಟಿ, ಇದೇ ನಿಮ್ಮ ಅಜ್ಜ ಅಂತ ನಿಲ್ಲಿಸಿದೆವು. ಆ ದಿನ ಸಸಿಗಳು ಕತ್ತಲಾಗುವುದನ್ನೂ ಕಾಯದೆ ಓಡಿ ಬಂದವು.

ಊರಿನಲ್ಲಿ ಕಾಲಿಡಲು ಜಾಗವಿಲ್ಲದ ಹಾಗಾಯಿತು. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಸಸಿ, ಒಂದನೆಯ ತರಗತಿಯ ಹಿಂದಿನ ಬೆಂಚಿನ ಹತ್ತಿರ ಸಸಿ, ಒಲೆಯ ಮುಂದೆ ಚಳಿ ಕಾಯಿಸುತ್ತ ಸಸಿ. ಜೈಬುನಕ್ಕ ತಂಗಿಯ ಮನೆಗೆ ಹೋಗಲು ಬಸ್ಸು ಹತ್ತಿದರೆ ಅವಳ ಹಿಂದೆಯೇ ನಾಲ್ಕು ತಾರೆ ಸಸಿ ಹತ್ತಿದವು, ಕಂಡಕ್ಟರ್ ಅರ್ಧ ಟಿಕೆಟ್ಟು ಕೇಳಿದ. ಅವಳು ಮಡಿಲಲ್ಲಿ ಕೂರಿಸಿಕೊಳ್ಳುತ್ತೇನೆ ಅಂತ ವಾದ ಮಾಡಿ ಉಳಿಸಿಕೊಂಡಳು. ನಗು ಬರುವ ಮಾತೇ, ಆದರೆ ನಮಗೆ ನಗಲು ಆಗುತ್ತಿರಲಿಲ್ಲ. ಗಟ್ಟಿ ನೆಲ, ಚಪ್ಪಡಿ ಕಲ್ಲು, ಸಿಮೆಂಟು, ಎಲ್ಲಿ ಬೇರು ಬಿಟ್ಟಾವು? ಮಳೆಗಾಲ ಮುಗಿಯುವುದರೊಳಗೆ ಗುಡ್ಡದ ಮಣ್ಣು ಹಿಡಿಯದಿದ್ದರೆ ಅಷ್ಟೂ ಒಣಗಿ ಹೋಗುತ್ತಿದ್ದವು. ಅವುಗಳನ್ನು ಹಿಡಿದು ನಿಲ್ಲಿಸಲು ಗುಡ್ಡಕ್ಕೆ ಒಬ್ಬ ಹಿರಿಯರು ಬೇಕಾಗಿತ್ತು. ಇದ್ದ ಹಿರಿಯರು ಒಬ್ಬರೇ, ಕೆರೆ ಏರಿಯ ಆಚೆ ಬೆನ್ನು ಹಾಕಿ ನಿಂತ ಹಿಪ್ಪೆ ದೊಡ್ಡತ್ತೆ.

ನಾನೇ ಹೋಗಿ ನೋಡಿದೆ. ತಲೆಗೆ ಸ್ನಾನ ಮಾಡಿ, ಹೊಸ ಸೀರೆ ಉಟ್ಟು, ಎಲೆ ಅಡಿಕೆ ತಟ್ಟೆ ಹಿಡಿದು ಹೋಗಿ, ದಮ್ಮಯ್ಯ ಅಂತ ಬೇಡಿಕೊಂಡು ತೊಗಟೆಗೆ ಸಿಕ್ಕಿಸಿದೆ. ಸಿಕ್ಕಿಸಿದ ಎಲೆ ಅಡಿಕೆ ಟಪ್ಪನೆ ಕೆಳಗೆ ಬಿತ್ತು. ಮತ್ತೆ ಸಿಕ್ಕಿಸಿದೆ, ಮತ್ತೆ ಬಿತ್ತು. ಕರೆಯದೆ ಬಿಟ್ಟವರೇ ಬಂದು ಕರೆಯಬೇಕು ಅನ್ನುವುದು ಅದರ ಅರ್ಥ. ಅದೂ ಅಲ್ಲದೆ ಸುಮ್ಮಸುಮ್ಮನೆ ಕರೆಯುವ ಹಾಗಿಲ್ಲ, ಮನೆಯಲ್ಲಿ ಒಂದು ಕಾರ್ಯ ಇರಬೇಕು. ನಮ್ಮ ಮನೆಯಲ್ಲಿ ಏನು ಕಾರ್ಯ? ನನಗೆ ಮಕ್ಕಳಾಗಿರಲಿಲ್ಲ. ಅದನ್ನೂ ಕಾಲ್ಗುಣದ ಲೆಕ್ಕಕ್ಕೆ ಸೇರಿಸಿದ್ದರು, ಆ ಮಾತು ಬೇಡ.

ಮನೆಗೆ ಬಂದು ಅತ್ತೆಯ ಕಾಲು ಹಿಡಿದೆ. ಅವರು ಆ ವರ್ಷ ಹಾಸಿಗೆ ಹಿಡಿದಿದ್ದರು, ಎದೆಯಲ್ಲಿ ಕಫ, ಉಸಿರಿಗೆ ಕಷ್ಟ. ಆದರೆ ಬಾಯಿಗೆ ಯಾವ ರೋಗವೂ ಬಂದಿರಲಿಲ್ಲ. ತಾನು ಹೋಗಿ ಆ ಹಿಪ್ಪೆಯ ಮುಂದೆ ನಿಂತರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದೆ, ಅದು ಈ ಜನ್ಮದಲ್ಲಿ ಆಗದ ಮಾತು ಅಂದರು. ಜೈಬುನಕ್ಕ ಬಂದು ಹೇಳಿದಳು, ಶಾಲೆಯ ಮಕ್ಕಳು ಸಾಲಾಗಿ ಬಂದು ಕೈಮುಗಿದರು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಕೆರೆ ಏರಿಯ ಆಚೆ ಒಬ್ಬಳು, ನಮ್ಮ ಪಡಸಾಲೆಯಲ್ಲಿ ಒಬ್ಬಳು, ಇಬ್ಬರೂ ಬೆನ್ನು ಹಾಕಿದ್ದಾರೆ. ನಡುವೆ ಬಾಡುತ್ತಿರುವ ಸಸಿಗಳನ್ನು ಹೊತ್ತು ಅಲೆಯುವವಳು ನಾನು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಗಿತ್ತು.

ಆದರೆ ನನ್ನ ಆ ಹೊನ್ನೆ ಸಸಿ ಇತ್ತಲ್ಲ, ಅದು ಬಚ್ಚಲ ಬಾಗಿಲು ಬಿಟ್ಟು ಅತ್ತೆಯ ಮಂಚದ ಹತ್ತಿರ ಹೋಗಿ ನಿಲ್ಲಲು ಶುರು ಮಾಡಿತು. ಗುಡುಗಿದರೆ ಮಂಚದ ಕೆಳಗೆ ನುಗ್ಗುತ್ತಿತ್ತು. ಕಾಲಿಗೆ ಅಡ್ಡ ಬರುತ್ತೆ ಅಂತ ಅತ್ತೆ ದಿನಾ ಬೈಯುವರು. ಬೈದು, ತಮ್ಮ ಕುಡಿಯುವ ಚೊಂಬಿನಿಂದ ಅರ್ಧ ನೀರು ಅದಕ್ಕೇ ಹುಯ್ಯುವರು. ನಾನು ನೋಡಿದರೆ ಕೈ ಜಾರಿತು ಅನ್ನುವರು. ಒಂದು ದಿನ ಆ ಸಸಿಯ ತುದಿ ಬಾಗಿತು. ಮಾರನೆಯ ದಿನ ಕೆಳಗಿನ ಎಲೆ ಹಳದಿಯಾಯಿತು. ಎತ್ತಿ ನೋಡಿದರೆ, ಮನೆಗೆ ಬಂದ ಮೇಲೆ ಮತ್ತೆ ಹಾಕಿಟ್ಟಿದ್ದ ಪಾಕೀಟಿನ ಒಳಗೇ ಬೇರುಗಳೆಲ್ಲ ಸುತ್ತಿ ಸುತ್ತಿ ಗಂಟಾಗಿದ್ದವು. ನಾನು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಅಳುತ್ತ ಕೂತೆ. ಮುಚ್ಚಿಕೊಳ್ಳುವುದು ಏನಿದೆ, ಹೆತ್ತ ಮಗುವಿಗೆ ಅಳುವ ಹಾಗೇ ಅತ್ತುಬಿಟ್ಟೆ. ಅತ್ತೆ ಮಂಚದಿಂದ ಕೈ ಚಾಚಿ ಆ ಬೇರಿನ ಗಂಟನ್ನು ಮುಟ್ಟಿ ನೋಡಿದರು. ಆಮೇಲೆ ಆಟೊ ಕರೆಸು ಅಂದರು. ಆಸ್ಪತ್ರೆಗೆ ಇರಬೇಕು ಅಂದುಕೊಂಡೆ. ಪೆಟ್ಟಿಗೆಯಲ್ಲಿರುವ ಕೆಂಪಂಚಿನ ಸೀರೆ ತೆಗಿ, ಎಲೆ ಅಡಿಕೆ ತಟ್ಟೆ ತೊಳಿ ಅಂದಾಗಲೇ ತಿಳಿದದ್ದು.

ಬಂದದ್ದು ಅದೇ ಆಟೊದವನು. ಮೈಕ್ ಬಿಚ್ಚಿಟ್ಟು ಬಾ ಅಂತ ಗದರಿಸಿ, ನಾವು ಮೂವರು ಹೆಂಗಸರು ಅತ್ತೆಯನ್ನು ಎತ್ತಿ ಕೂರಿಸಿದೆವು. ಊರಿನ ಅರ್ಧ ಜನ ಹಿಂದೆ ನಡೆದು ಬಂದರು, ಸಸಿಗಳೂ ಬಂದವು. ಹಿಪ್ಪೆಯ ಎದುರಿಗೆ ಅತ್ತೆ ಕೋಲೂರಿ ನಿಂತರು. ಇಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ. ಅದು ಮರ, ಅದು ಮಾತಾಡದಿರುವುದು ಸಹಜ. ನಮ್ಮತ್ತೆ ಸುಮ್ಮನಿದ್ದದ್ದು ಮಾತ್ರ ನಾನು ಆ ಮನೆಗೆ ಬಂದ ಮೇಲೆ ಅದೇ ಮೊದಲು.

“ಅತ್ತಿಗೆ, ತಪ್ಪಾಯ್ತು ಅಂತ ನಾನು ಅನ್ನಾಕಿಲ್ಲ,” ಅಂದರು ಕೊನೆಗೆ. “ನೀನೂ ಅನ್ನಬ್ಯಾಡ. ಇಬ್ರಿಗೂ ವಯಸ್ಸಾಯ್ತು, ಈಗ ಬುದ್ಧಿ ಕಲ್ತು ಏನಾಗ್ಬೇಕು. ನಮ್ಮನೇಲಿ ಒಂದು ಕಾರ್ಯ ಅದೆ, ಅದಕ್ಕೆ ಕರ್ಯಾಕ್ಬಂದೆ. ನನ್ ತಿಥಿ. ದಿನ ಇನ್ನೂ ಗೊತ್ತಾಗಿಲ್ಲ.”

ಹಿಂದೆ ನಿಂತವರೆಲ್ಲ ಕೆನ್ನೆ ಕೆನ್ನೆ ಬಡಿದುಕೊಂಡರು. ತಿಥಿಗೆ ಯಾರಾದರೂ ಎಲೆ ಅಡಿಕೆ ಕೊಟ್ಟು ಕರೆಯುತ್ತಾರೆಯೇ? ಅದೂ ತನ್ನ ತಿಥಿಗೆ, ತಾನೇ? ಸಾವಿನ ಮನೆಗೆ ಕರೆಯದೆ ಹೋಗುವುದು, ಹೇಳದೆ ಬರುವುದು ಎಲ್ಲ ಕಡೆಯ ಪದ್ಧತಿ. ಅತ್ತೆ ಯಾರ ಮಾತಿಗೂ ಕಿವಿಗೊಡದೆ ಎಲೆ ಅಡಿಕೆಯನ್ನು ತೊಗಟೆಯ ಸಂದಿಗೆ ಒತ್ತಿದರು.

“ಬಂದೋಳು ಉಂಡು ಎದ್ದು ಓಡಂಗಿಲ್ಲ. ನನ್ ಕೈಯಾರೆ ನಾನೇ ಎಲೆ ಅಡಿಕೆ ಕೊಟ್ಟು ಕಳಿಸ್ತೀನಿ. ಅಲ್ಲೀಗಂಟ ಇರ್ಬೇಕು.”

ಎಲೆ ಅಡಿಕೆ ಕೆಳಗೆ ಬೀಳಲಿಲ್ಲ.

ಹತ್ತಿರದ ನೆಂಟರು ಕಾರ್ಯಕ್ಕೆ ಮುಂಚೆಯೇ ಬರುವುದು ವಾಡಿಕೆ. ಹಿಪ್ಪೆಯೂ ಮಾರನೆಯ ದಿನವೇ ಹೊರಟಿತು. ಮುದಿ ಜೀವ, ಬಹಳ ನಿಧಾನ. ಮಕ್ಕಳು ಶಾಲೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನೋಡಿ ಸುದ್ದಿ ತರುವರು. ದೊಡ್ಡತ್ತೆ ಏರಿ ಇಳಿದರು, ದೊಡ್ಡತ್ತೆ ಟೀ ಅಂಗಡಿಯ ಹತ್ತಿರ ಸುಧಾರಿಸಿಕೊಳ್ಳುತ್ತಿದ್ದಾರೆ, ದೊಡ್ಡತ್ತೆ ರಸ್ತೆ ದಾಟುವವರೆಗೆ ಬಸ್ಸು ಮಧ್ಯಾಹ್ನವೆಲ್ಲ ನಿಂತಿತ್ತು. ಹೀಗೆ ಗುಡ್ಡ ಹತ್ತಿ, ತನ್ನ ಹಳೆಯ ಜಾಗದಲ್ಲಿ ನಿಂತು, ನಮ್ಮ ಮನೆಯ ಕಡೆ ಒಂದು ಕೊಂಬೆ ಚಾಚಿತು. ಅಂದೇ ಸಂಜೆ ಊರಿನ ಸಸಿಗಳೆಲ್ಲ ಒಂದರ ಹಿಂದೆ ಒಂದು ಗುಡ್ಡದ ದಾರಿ ಹಿಡಿದವು. ಕೊನೆಯಲ್ಲಿ ನನ್ನ ಹೊನ್ನೆ, ಬಾಗಿದ ತುದಿಯನ್ನು ಎಳೆದುಕೊಂಡು. ಬಾಗಿಲಲ್ಲಿ ಒಮ್ಮೆ ನಿಂತು ಮಂಚದ ಕಡೆ ತಿರುಗಿ ನೋಡಿತು. ಅತ್ತೆ ಹೋಗತ್ಲಾಗೆ ಅಂದು ಸೆರಗಿನಿಂದ ಮೂಗು ಒರೆಸಿಕೊಂಡರು.

ಆಮೇಲೆ ಶುರುವಾಯಿತು ನೋಡಿ ಊರಿನ ಪಾಡು. ದೊಡ್ಡತ್ತೆ ಬಂದಿರುವುದು ತಿಥಿಗೆ. ತಿಥಿ ಮುಗಿದರೆ ಹೊರಡುತ್ತದೆ, ಅದು ಹೊರಟರೆ ಸಸಿಗಳೂ ಹಿಂದೆಯೇ. ಆದ್ದರಿಂದ ಸಸಿಗಳು ಮರವಾಗುವವರೆಗೆ ಹೊಂಬಾಳಮ್ಮ ಸಾಯುವ ಹಾಗಿಲ್ಲ. ಬೀದಿಯ ಹೆಂಗಸರು ಪಾಳಿ ಹಾಕಿಕೊಂಡರು. ಒಬ್ಬರು ಗಂಜಿ, ಒಬ್ಬರು ಕೋಳಿ ಸಾರು, ಒಬ್ಬರು ಎದೆಗೆ ಹಚ್ಚುವ ಎಣ್ಣೆ. ಜೈಬುನಕ್ಕ ದಿನಾ ಶುಂಠಿ ಟೀ ಕಳಿಸಿದಳು. ಮಕ್ಕಳು ಶಾಲೆಗೆ ಹೋಗುವ ಮುನ್ನ ಬಂದು, ಮಲಗಿದ್ದ ಅತ್ತೆಯ ಮೂಗಿನ ಕೆಳಗೆ ಹಕ್ಕಿಪುಕ್ಕ ಹಿಡಿದು ಉಸಿರು ನೋಡಿ, ಇದ್ದಾರೆ ಅಂತ ಬೀದಿಗೆಲ್ಲ ಕೂಗಿ ಹೇಳಿಹೋಗುವರು. ಅತ್ತೆಗೆ ಮೊದಮೊದಲು ಸಿಟ್ಟು ಬಂತು. ಕಿಟಕಿಯಿಂದ ಕಾಣುವ ಹಿಪ್ಪೆಯನ್ನು ನೋಡಿ ಇನ್ನೂ ಸಿಟ್ಟು. ಅದು ತಾನು ಸಾಯುವುದನ್ನೇ ಕಾಯುತ್ತಿದೆ, ಅದರ ಆಸೆ ಈಡೇರಿಸಿದರೆ ತನ್ನ ಹೆಸರು ಹೊಂಬಾಳಮ್ಮನೇ ಅಲ್ಲ ಅಂತ ಎದ್ದು ಕೂತರು. ಮುದ್ದೆ ಕೇಳಿ ಉಂಡರು. ಒಂದು ತಿಂಗಳಲ್ಲಿ ಕೋಲು ಹಿಡಿದು ಬೀದಿಗೆ ಇಳಿದರು.

ಹೀಗೆ ನಮ್ಮತ್ತೆ ವರ್ಷಗಟ್ಟಲೆ ಬದುಕಿದರು, ಬದುಕಿ ಊರನ್ನು ಆಳಿದರು. ಮೀನು ತಿನ್ನಬೇಕು ಅನ್ನಿಸಿದರೆ ಎದೆ ಹಿಡಿದುಕೊಳ್ಳುವರು, ಕೆರೆಗೆ ಬಲೆ ಬೀಳುತ್ತಿತ್ತು. ಒಬ್ಬಟ್ಟು ಬೇಕಾದರೆ ಕಣ್ಣು ಕತ್ತಲು ಬಂತು ಅನ್ನುವರು. ನಾನು ನೆಟ್ಟ ಹೊನ್ನೆ ನನ್ನ ಸೊಂಟದ ಮಟ್ಟಕ್ಕೆ ಬಂತು, ತಲೆ ದಾಟಿತು. ಹಿಪ್ಪೆ ಹೂ ಬಿಟ್ಟಿತು, ಅದರ ಬೀಜ ಒಣಗುವ ಮೊದಲೇ ಮಕ್ಕಳು ಆಯ್ದು ತಂದು ಪಾಕೀಟಿಗೆ ಹಾಕಿದರು. ಒಂದು ಮಳೆಗಾಲ ಕಳೆದ ಮೇಲೆ ಗುಡ್ಡದ ಒರತೆಯಲ್ಲಿ ಪಾದ ಮುಳುಗುವಷ್ಟು ನೀರು ಕಂಡಿತು. ಆ ದಿನ ಬೀದಿಯವರು ನನ್ನನ್ನು ಮನೆಯಿಂದ ಕರೆದುಕೊಂಡು ಹೋಗಿ, ಮೊದಲ ಬಿಂದಿಗೆ ನೀನೇ ತುಂಬು ಅಂದರು. ಕಾಲ್ಗುಣದ ಮಾತು ಯಾರೂ ಎತ್ತಲಿಲ್ಲ. ನಾನು ನೀರಿನಲ್ಲಿ ಎರಡೂ ಕಾಲು ಇಟ್ಟು ನಿಂತೆ, ಎಲ್ಲರೂ ನೋಡಲಿ ಅಂತಲೇ.

ಬೇಸಗೆ ಹತ್ತುವ ಹೊತ್ತಿನಲ್ಲಿ ಅತ್ತೆ ಮತ್ತೆ ಮಲಗಿದರು. ಈ ಸಲ ಕೋಳಿ ಸಾರನ್ನೂ ಬೇಡ ಅಂದರು. ನನ್ನನ್ನು ಹತ್ತಿರ ಕರೆದು, ಹೊನ್ನೆ ಕಾಯಿ ಬಿಡ್ತಾ ಅಂತ ಕೇಳಿದರು. ಇನ್ನೂ ಇಲ್ಲ ಅತ್ತೆ, ಇನ್ನೂ ಹುಡುಗಾಟದ ವಯಸ್ಸು ಅದಕ್ಕೆ ಅಂದೆ. ದೊಡ್ಡತ್ತೆ ಹೋದರೆ ನಿಲ್ಲುವಷ್ಟು ಗಟ್ಟಿಯಾಗಿಲ್ಲ, ನೀವು ಇರಬೇಕು ಅಂತ ಅವರ ಕೈ ಹಿಡಿದುಕೊಂಡೆ. ನಾನು ಹಾಗೆ ಅಂದದ್ದು ಗುಡ್ಡಕ್ಕಾಗಿ ಮಾತ್ರ ಅಲ್ಲ ಅನ್ನುವುದು ಅವರಿಗೂ ಗೊತ್ತಿತ್ತು. ಅವರು ನನ್ನ ಕೈಯನ್ನು ಒಮ್ಮೆ ಅಮುಕಿ, ನಾನೇನು ದಡ್ಡಿ ಅಂದ್ಕೊಂಡಿದ್ದೀಯ ಅಂದರು. ಜ್ವರದ ಮಾತು ಅಂದುಕೊಂಡೆ. ಮಾರನೆಯ ಬೆಳಿಗ್ಗೆ ಮಕ್ಕಳು ಹಿಡಿದ ಹಕ್ಕಿಪುಕ್ಕ ಅಲ್ಲಾಡಲಿಲ್ಲ.

ತಿಥಿಯ ದಿನ ಹಿಪ್ಪೆ ಗುಡ್ಡ ಇಳಿದು ಬಂತು. ನಾವು ಅಂಗಳದ ಗೋಡೆ ಒಡೆದು ದಾರಿ ಮಾಡಿಕೊಟ್ಟೆವು. ಅದರ ಹಿಂದೆ ಗುಡ್ಡದ ಎಳೆಮರಗಳೆಲ್ಲ ಬಂದವು, ನನ್ನ ಹೊನ್ನೆಯೂ ಬಂದು ಖಾಲಿ ಮಂಚವಿದ್ದ ಕಿಟಕಿಯ ಹತ್ತಿರ ನಿಂತಿತು. ಎಲೆ ಹಾಕಿದೆವು, ಬಡಿಸಿದೆವು, ಬೆಲ್ಲದ ನೀರು ಹುಯ್ದೆವು. ಊಟ ಮುಗಿಯುತ್ತ ಬಂತು. ಹೆಂಗಸರು ಎಂಜಲು ಕೈಯಲ್ಲೇ ಕೂತು ಮರವನ್ನೇ ನೋಡುತ್ತಿದ್ದರು. ಹಿಪ್ಪೆ ಮೆಲ್ಲಗೆ ಅಂಗಳದ ಮುಂದಕ್ಕೆ ಬಂದು, ತೊಗಟೆಯ ಆ ಸಂದಿಯನ್ನು ಮನೆಯ ಬಾಗಿಲ ಕಡೆ ತಿರುಗಿಸಿ ನಿಂತಿತು. ಎಲೆ ಅಡಿಕೆಗೆ ನಿಂತ ನಿಲುವು ಅದು. ಬೀದಿಯ ಹಿರಿಯರೊಬ್ಬರು, ಎಷ್ಟೆಂದರೂ ನೆಂಟರು, ಎಷ್ಟು ದಿನ ಹಿಡಿದಿಡಲಾಗುತ್ತೆ, ಮನೆಗೆ ಈಗ ನೀನೇ ಹಿರಿಯಳು, ಕೊಟ್ಟು ಕಳಿಸವ್ವ ಅಂತ ತಟ್ಟೆಯನ್ನು ನನ್ನ ಕೈಗೆ ಕೊಟ್ಟರು.

ತಟ್ಟೆ ಹಿಡಿದು ಹೊಸಿಲ ಮೇಲೆ ನಿಂತೆ. ಗುಡ್ಡ ಮತ್ತೆ ಬೋಳಾಗುತ್ತದೆ, ಒರತೆ ಬತ್ತುತ್ತದೆ, ಮತ್ತೆ ನನ್ನ ಕಾಲು. ಆಗ ಜೈಬುನಕ್ಕ ಎದ್ದು ಬಂದು ನನ್ನ ಮುಂಗೈ ಹಿಡಿದಳು.

“ಕರೆದೋರು ಯಾರೇ ಮಂಗಳಿ?”

ಅಷ್ಟೇ ಕೇಳಿದಳು. ನನಗೆ ಕೆರೆ ಏರಿಯ ಆಚೆ ಕೋಲೂರಿ ನಿಂತ ಅತ್ತೆ ಕಣ್ಣಿಗೆ ಕಟ್ಟಿದರು. ನನ್ನ ಕೈಯಾರೆ ನಾನೇ ಕೊಟ್ಟು ಕಳಿಸುತ್ತೇನೆ, ಅಲ್ಲಿಯವರೆಗೆ ಇರಬೇಕು. ಊರೆಲ್ಲ ಕೇಳಿಸಿಕೊಂಡಿತ್ತು, ಹಿಪ್ಪೆಯೂ ಕೇಳಿ ಒಪ್ಪಿಕೊಂಡಿತ್ತು. ತಿಥಿಯಾದವರು ಎದ್ದು ಬಂದು ಯಾರಿಗೆ ಎಲೆ ಅಡಿಕೆ ಕೊಟ್ಟಾರು? ನಾನು ತಟ್ಟೆಯನ್ನು ಒಳಗೆ ಒಯ್ದು ನೆಲುವಿನ ಮೇಲೆ ಇಟ್ಟು, ಬರಿಗೈಯಲ್ಲಿ ಹೊರಗೆ ಬಂದೆ. ಅಂಗಳದಲ್ಲಿ ಕೂತವರಿಗೆ ಒಬ್ಬೊಬ್ಬರಿಗಾಗಿ ತಿಳಿಯುತ್ತ ಹೋಯಿತು. ಮೊದಲು ನಕ್ಕವರು ಮಕ್ಕಳು. ತಿಥಿ ಮನೆಯಲ್ಲಿ ನಗಬಾರದು ಅಂತ ಗದರಿಸಲು ಹೋದ ಹೆಂಗಸರೂ ನಕ್ಕರು. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೇ ಗೊತ್ತಾಗಲಿಲ್ಲ.

ಹಿಪ್ಪೆ ಕಾದಿತು. ಸಂಜೆಯಾಯಿತು. ತನಗೆ ಆದದ್ದು ಏನು ಅಂತ ಕೊನೆಗೆ ಅದಕ್ಕೂ ಹೊಳೆದಿರಬೇಕು. ಒಮ್ಮೆ ಬುಡದಿಂದ ತುದಿಯವರೆಗೆ ಇಡೀ ಮೈ ಅಲ್ಲಾಡಿಸಿತು. ಕೋಪಕ್ಕೋ, ಹಳೆಯ ನಾದಿನಿಯ ಕಿಲಾಡಿತನ ನೆನೆದೋ, ಮರದ ಮನಸ್ಸು ಯಾರು ಕಂಡವರು? ಅಂಗಳದ ತುಂಬ ಹೂ ಸುರಿಯಿತು. ಮಕ್ಕಳು ಬಾಚಿ ಬಾಚಿ ತಿಂದರು. ಆಮೇಲೆ ಅದು ತಿರುಗಿ ಗುಡ್ಡ ಹತ್ತಿತು, ಎಳೆಮರಗಳೂ ಹಿಂದೆ ಹತ್ತಿದವು.

ಈಗ ನನ್ನ ಹೊನ್ನೆ ಕಾಯಿ ಬಿಡುತ್ತಿದೆ. ನಮ್ಮೂರಿನವರು ಗುಡ್ಡದ ಮೇಲೆ ಯಾರಿಗೂ ಹೋಗಿ ಬನ್ನಿ ಅನ್ನುವುದಿಲ್ಲ, ಹೊತ್ತಾದರೆ ಸುಮ್ಮನೆ ಎದ್ದು ನಡೆಯುತ್ತಾರೆ. ಮೇಲೆ ಹೋಗುವಾಗ ಸೆರಗಿನ ತುದಿಯಲ್ಲಿ ಒಂದು ಅಡಿಕೆಯ ಚೂರೂ ಇರದ ಹಾಗೆ ನೋಡಿಕೊಳ್ಳುತ್ತಾರೆ. ನಾನು ದಿನಾ ಸಂಜೆ ಹತ್ತಿ, ದೊಡ್ಡತ್ತೆಯ ಬುಡದಲ್ಲಿ ಕಾಲು ಚಾಚಿ ಕೂರುತ್ತೇನೆ. ಒಮ್ಮೊಮ್ಮೆ ಅದು ಬೇರು ಸಡಿಲ ಮಾಡಿಕೊಂಡ ಹಾಗೆ, ಹೊರಡಲು ಅಪ್ಪಣೆ ಕೇಳಿದ ಹಾಗೆ ಕಾಣುತ್ತದೆ. ಆಗ ನಾನು ಬುಡಕ್ಕೆ ಒಂದು ಚೊಂಬು ನೀರು ಹುಯ್ದು, ನಮ್ಮತ್ತೆ ನೆಂಟರಿಗೆ ಹೇಳುತ್ತಿದ್ದ ಧಾಟಿಯಲ್ಲೇ ಹೇಳುತ್ತೇನೆ.

“ಏನವಸರ ದೊಡ್ಡತ್ತೆ, ಇನ್ನೆರಡು ದಿನ ಇದ್ದು ಹೋಗೀರಂತೆ.”